ಹ್ಯಾನಿಬಲ್ಲನ ಎತ್ತಿಗೆ ಊದುಬತ್ತಿ

‘ಪ್ರತ್ಯಕ್ಷ ಕಂಡರೂ ಪ್ರಮಾಣ ಮಾಡಿ ಓಡು’ ಅಂತ ಹಿರಿಯರು ಹೇಳಿಲ್ಲ; ‘ಪ್ರಮಾಣಿಸಿ ನೋಡು’ ಅಂದರು ಅಷ್ಟೇ. ಹೇಳಿದ್ದರೆ ಆದೋನಿಯ ಬದರಿ ಬಚಾವಾಗುತ್ತಿದ್ದ. ಇದು ಖರೇ ನಡೆದ ಕತೆ. ನಂಬದವರು ಎತ್ತನ್ನು ಕೇಳಬಹುದು.

ಬದರಿ ಒಂದು ಖಾಸಗಿ ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು. ದೇಹ ಆದೋನಿಯಲ್ಲಿ, ಮನಸ್ಸು ರೋಮಿನಲ್ಲಿ. ಹತ್ತಿ ಲಾರಿಯಿಂದ ಹಾರಿದ ಅರಳೆ ಕಂಡರೆ ಸಾಕು, ಆನೆಗಳೊಂದಿಗೆ ರೋಮಿನ ಮೇಲೆ ದಂಡೆತ್ತಿ ಬಂದ ಹ್ಯಾನಿಬಲ್ ದಾಟಿದ ಹಿಮ ನೆನೆದು ನಡುರಸ್ತೆಯಲ್ಲೇ ನಿಂತುಬಿಡುವ. ಅವತ್ತು ಮಧ್ಯಾಹ್ನ ಅವನ ಭಾಷಣವಿತ್ತು: ‘ರೋಮನ್ ಕಾಳಗಗಳು: ಅಂತರ್ಜಾಲದ ವಿಶ್ವಕೋಶವನ್ನು ಎಷ್ಟು ನಂಬಬೇಕು?’ ಚೆನ್ನಾಗಿ ಆದರೆ ನೌಕರಿ ಖಾಯಂ ಅಂತ ಕರೆಸ್ಪಾಂಡೆಂಟ್, ಅಂದರೆ ಕಾಲೇಜಿನ ಯಜಮಾನರಾದ ಭೀಮಲಿಂಗಪ್ಪನವರು, ಮಾತು ಕೊಟ್ಟಿದ್ದರು.

ಬೆಳಿಗ್ಗೆ ಹಲ್ಲುಜ್ಜುವಾಗಲೇ ಫೋನು. ಗೊತ್ತಿಲ್ಲದ ನಂಬರು, ಗೊತ್ತಿರುವ ಕೆಮ್ಮು: ಯಜಮಾನರದು.

“ಏಮಯ್ಯಾ ಬದರೀ! ನೀ ತೋರ್ಸೋ ಹ್ಯಾನಿಬಲ್ ಪುಟದಾಗ ಯಾರೋ ಒಂದು ಸುಳ್ಳು ಸೇರ್ಸ್ಯಾರಂತ. ಅದನ್ನ ಹಿಡಿದು ತೋರ್ಸು. ಇಲ್ಲಂದ್ರ ಖಾಯಂ ಮಾತು ಮರ್ತುಬಿಡು, ಸರೇನಾ?”

ಬದರಿ ನೊರೆ ಸಮೇತ ನುಂಗಿ “ಆಗ್ಲಿ ಸಾರ್” ಅಂದ.

ಸ್ಟಾಫ್ ರೂಮಿನಲ್ಲಿ ವಿಶ್ವಕೋಶದ ಆ ಪುಟ ತೆರೆದ. ಇಟಲಿಯ ಕಣಿವೆಯೊಂದರಲ್ಲಿ ರೋಮನ್ನರು ಮುತ್ತಿದಾಗ ಹ್ಯಾನಿಬಲ್ ಎರಡು ಸಾವಿರ ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ರಾತ್ರಿ ಗುಡ್ಡ ಹತ್ತಿಸಿದನಂತೆ; ದಂಡೇ ಹೊರಟಿತೆಂದು ಕಾವಲಿನವರು ಬೆಂಕಿಯ ಹಿಂದೆ ಓಡಿದರಂತೆ; ಕಾವಲಿಲ್ಲದ ದಾರಿಯಲ್ಲಿ ಇವನು ಮೆಲ್ಲಗೆ ಹೊರಬಿದ್ದನಂತೆ.

“ಎರಡು ಸಾವಿರ ಎತ್ತಾ?” ಗಣಿತದ ಶೋಭಾರಾಣಿ ಇಣುಕಿದರು. “ಪೆದ್ದಹರಿವಾಣ ಊರಾಗ ಮನಿ ಮನಿ ಎತ್ತು ಬಿಚ್ಕೊಂಡು ಬಂದ್ರೂ ಅಷ್ಟು ಆಗಂಗಿಲ್ರಿ. ಇದ ಸುಳ್ಳು.”

“ಕೆಳಗ ಆಧಾರ ಕೊಟ್ಟಾರಲ್ಲೋ,” ಅಂದ ತೆಲುಗಿನ ಮೇಷ್ಟ್ರು ನಾಗಭೂಷಣ, ಯಾಕೋ ಮೀಸೆಯೊಳಗೇ ನಗುತ್ತ. “ಹಳೇ ಇತಿಹಾಸಕಾರರ ಪುಸ್ತಕ ತೆಗೆದು ನೋಡು.”

“ಮ್ಯಾಲೆ ಸುಳ್ಳು ಬರದಾಂವ ಕೆಳಗ ಬರ್ಯಾಂಗಿಲ್ಲೇನು? ನಾ ಎತ್ತನ್ನೇ ಕೇಳ್ತೀನಿ!” ಅಂದ ಬದರಿ.

ಅಟೆಂಡರ್ ಯರ್ರೆಪ್ಪನ ಎತ್ತು ಹೊರಗೆ ಬೇವಿನ ಮರದಡಿ ನಿಂತಿತ್ತು. ಪಂಜು ಕಟ್ಟಲು ಅರ್ಚಕರ ಮಗನಾದ ಬದರಿಗೆ ಕೈ ಬರಲಿಲ್ಲ. ಚೀಲದಲ್ಲಿ ಊದುಬತ್ತಿ ಇತ್ತು. ಕೊಂಬಿಗೊಂದು ಹಿಡಿ ಕಟ್ಟಿ ಹಚ್ಚಿದ.

ಎತ್ತು ಓಡಲಿಲ್ಲ. ಹೊಗೆ ನೀಲಿ ಎಳೆಯಾಗಿ ಏರಿತು. ಅದರಾಚೆ ಕೋಟೆಯ ಗುಡ್ಡ ನೀರೊಳಗಿನ ಚಿತ್ರದಂತೆ ಅಲುಗಿತು. ಬಂಡೆಗಳೆಲ್ಲ ಶಿರಸ್ತ್ರಾಣ ತೊಟ್ಟು ಎದ್ದು ನಿಂತವು. ಅರಳೆ ಹಿಮವಾಗಿ ಉದುರಿತು. ಹ್ಯಾನಿಬಲ್ ಆನೆಯಿಂದ ಇಳಿದು, ಊದುಬತ್ತಿಯ ಮಲ್ಲಿಗೆ ವಾಸನೆಗೆ ಮೂಗರಳಿಸಿ, “ನಂದೂ ಒಂದು ಅರ್ಚನೆ ಮಾಡ್ರಿ” ಎಂದು ಗೋತ್ರ ಹೇಳುತ್ತಿದ್ದ…

“ಸಾರ್, ಕಾರಹುಣ್ಣಿವಿ ಬಂತಂತ ಎತ್ತು ತಿಳಕೊಂಡೈತಿ!” ಯರ್ರೆಪ್ಪ ಭುಜ ಅಲುಗಿಸಿದ. “ವರ್ಷಾ ಕೊಂಬಿಗೆ ಬಣ್ಣ ಬಳ್ದು ಆರತಿ ಬೆಳಗ್ತೀವಲ್ಲ. ಹೋಳಿಗಿ ತಿನ್ಸೋಮಟ ಅಲ್ಲಾಡಂಗಿಲ್ಲ.”

ಎತ್ತು ಕಣ್ಣು ಮುಚ್ಚಿ ನೈವೇದ್ಯಕ್ಕೆ ಕಾಯುತ್ತಿತ್ತು. ಯರ್ರೆಪ್ಪನ ಮಾತು ಬದರಿಯ ಕಿವಿಗೆ ಬೀಳಲೇ ಇಲ್ಲ. ಸುಳ್ಳು ಸಿಕ್ಕಿತ್ತಲ್ಲ!

ಭಾಷಣದಲ್ಲಿ ಗುಡುಗಿದ: “ಕೊಂಬಿಗೆ ಬೆಂಕಿ ಕಟ್ಟಿದ್ರ ಎತ್ತು ಓಡಂಗಿಲ್ಲ, ನಾ ಕಣ್ಣಾರೆ ಕಂಡೀನಿ! ಈ ಕತಿ ಸುಳ್ಳದ! ಏನನ್ನ ನಂಬೂ ಮೊದಲೂ, ಹೇಳಿದಾಂವ ಯಾರು ಅಂತ ನೋಡ್ರಿ!” ಚಪ್ಪಾಳೆಗೆ ಪಾರಿವಾಳಗಳು ಹಾರಿದವು.

ಸ್ಟಾಫ್ ರೂಮಿಗೆ ಮರಳಿದಾಗ ನಾಗಭೂಷಣ ಎದ್ದು, ಕೆಮ್ಮಿ, ಥೇಟ್ ಭೀಮಲಿಂಗಪ್ಪನವರ ದನಿ ತೆಗೆದ: “ಏಮಯ್ಯಾ ಬದರೀ! ಆ ಪುಟದಾಗ ಸುಳ್ಳೇ ಇದ್ದಿಲ್ಲ. ಬೆಳಿಗ್ಗೆ ಫೋನು ಮಾಡಿದಾಂವ ನಾ, ಸರೇನಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಬದರಿಯ ಮುಖ ಹಿಂಡಿದ ಪಂಚೆಯಂತಾಯಿತು. ಖರೇ ಸಂಗತಿಯನ್ನು ಊರ ಮುಂದೆ ಸುಳ್ಳೆಂದು ಸಾರಿ ಬಂದಿದ್ದ. ಅವನು ಡಸ್ಟರ್ ಎತ್ತಿದ್ದೇ ನಾಗಭೂಷಣ ಬೀರುವಿನ ಹಿಂದೆ ಮಾಯವಾದ.

ಆಗ ಬದರಿಯ ಫೋನು ಬಡಿದುಕೊಂಡಿತು. ಅದೇ ಕೆಮ್ಮು.

“ಏಮಯ್ಯಾ ಬದರೀ! ಕೋಸಗಿ ಮದುವಿ ಮನ್ಯಾಗ ಕುಂತು ಫೋನಿನ್ಯಾಗ ನಿನ್ನ ಭಾಷಣ ನೋಡಿದೆ. ಎತ್ತಿನ ಸಾಕ್ಷಿ ಭಲೇ! ನಿನ್ನ ನೌಕರಿ ಖಾಯಂ…”

“ಸಾಕು ಮಾಡಲೇ ನಾಗಭೂಷಣಾ, ಕೋಣಾ! ಆ ಮುದುಕನ ದನಿಗೆ ಇನ್ನ ಹೆದರ್ತೀನೇನು? ಹ್ಯಾನಿಬಲ್ಲಗೂ ಹೋರಿಗೂ ಫರಕು ತಿಳೀದ ಮುದುಕ ಅಂವ! ಈ ಸಲ ಊದುಬತ್ತಿ ನಿನ್ನ ಕಿವಿಗೇ ಕಟ್ತೀನಿ!” ಅಂದವನೇ ಬದರಿ ಗಹಗಹಿಸಿ ನಗತೊಡಗಿದ.

ಬೀರುವಿನ ಹಿಂದಿನಿಂದ ನಾಗಭೂಷಣ ಈಚೆ ಬಂದ. ಕೈಯಲ್ಲಿ ತಟ್ಟೆ, ಬಾಯಿ ತುಂಬ ಮಂಡಕ್ಕಿಯ ಉಗ್ಗಾಣಿ. ಅವನ ಫೋನು ದೂರದ ಮೇಜಿನ ಮೇಲೆ ಬಿದ್ದಿತ್ತು.

“ಸಾರ್…” ಶೋಭಾರಾಣಿ ಪಿಸುಗುಟ್ಟಿದರು. “ನಿಮ್ಮ ಫೋನಿನ ಮ್ಯಾಲೆ ಯಾರ ಹೆಸರೈತಿ ನೋಡ್ರಿ.”

ರೂಮಿನ ನಗು ಒಟ್ಟಿಗೆ ಆರಿತು. ಫೋನಿನಲ್ಲಿ ಮತ್ತೊಮ್ಮೆ ಕೆಮ್ಮು ಕೇಳಿಸಿತು, ಬಲು ಮೆಲ್ಲಗೆ.

ಬದರಿ ಮಾತ್ರ ಮೊದಲಿಗಿಂತ ಜೋರಾಗಿ ನಗುತ್ತಲೇ ಇದ್ದ. ನಿಲ್ಲಿಸಿದರೆ ಉತ್ತರ ಕೊಡಬೇಕಲ್ಲ.