ಪಾದ್ರಿ ಮಾವನಿಗೆ ಸಭೆ ಕೊಟ್ಟ ರಜೆ

ದೇವರು ಏಳನೆಯ ದಿನ ವಿಶ್ರಮಿಸಿದನಂತೆ. ಈ ಮಾತನ್ನು ನಮ್ಮ ಸೋದರಮಾವನ ಮುಂದೆ ತೆಗೆದರೆ, "ಆವಾಗ ಇನ್ನೂ ಸಭಾ ಇರಲಿಲ್ಲಲ್ಲ, ನಡೀತು!" ಎನ್ನುತ್ತಿದ್ದರು.

ಮಾವ ಗಂಗಾವತಿಯ ಒಂದು ಸಣ್ಣ ಚರ್ಚಿನ ಪಾದ್ರಿ; ಆ ಚರ್ಚಿಗೆ ಬರುವ ಜನರೆಲ್ಲ ಸೇರಿದರೆ ಅದೇ ಸಭೆ. ಎಂಬತ್ತರ ದಶಕದ ಆರಂಭದಲ್ಲಿ ನಾನು ಆ ಊರಿನ ಶಾಲೆಗೆ ಶಿಕ್ಷಕಿಯಾಗಿ ಸೇರಿ ಅವರ ಮನೆಯಲ್ಲೇ ಇದ್ದೆ. ಆ ಮನುಷ್ಯ ಕೂತದ್ದನ್ನು ನೋಡಿದವರು ಯಾರಿದ್ದರು? ಊಟವೂ ನಿಂತುಕೊಂಡೇ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಸೈಕಲ್ಲಿನ ಹ್ಯಾಂಡಲ್ಲು! ಶ್ರೀರಾಮನಗರದಲ್ಲಿ ಬಾಣಂತಿಗೆ ಪ್ರಾರ್ಥನೆ, ದೂರದ ಯಲಬುರ್ಗಾದಲ್ಲಿ ಅಣ್ಣತಮ್ಮಂದಿರ ಜಗಳ, ಎಲ್ಲದಕ್ಕೂ ಇವರೇ ಬೇಕು. "ಒಂದೀಟು ಕುಂತು ಉಣ್ರಿ" ಎಂದು ಅತ್ತೆ ಬೇಡಿಕೊಂಡರೆ, "ಕುಂತ್ರ ಏಳಾಕ ಆಗೂದಿಲ್ಲ" ಎಂದು ಹೊರಟೇಬಿಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕುಷ್ಟಗಿಯಲ್ಲಿ ಯಾರನ್ನೋ ಮಣ್ಣು ಮಾಡಿ, ಅಲ್ಲಿಂದ ನೇರವಾಗಿ ನಮ್ಮ ಚರ್ಚಿನ ಮದುವೆಗೆ ಬಂದರು. ಮದುಮಕ್ಕಳು ತಲೆ ಬಾಗಿಸಿ ನಿಂತಿದ್ದರು. ಮಾವ ಕಣ್ಣು ಮುಚ್ಚಿ ಗಂಭೀರವಾಗಿ ಶುರುಮಾಡಿದರು: "ಮಣ್ಣಿನಿಂದ ಬಂದವರು ನಾವು, ಮಣ್ಣಿಗೇ ಸೇರುವವರು..."

ಮದುಮಗಳ ಅಪ್ಪ ಎದ್ದು ನಿಂತ. "ಅಯ್ಯಾರ! ಇದು ಲಗ್ನ ರೀ!"

ಮಾವ ಕಣ್ಣು ಬಿಟ್ಟರು. ಹಾರ ನೋಡಿದರು, ಹುಡುಗಿಯ ಮುಖ ನೋಡಿದರು. "ಹೌದಲ್ಲ" ಎಂದವರೇ ಅಲ್ಲೇ ಕುಸಿದರು. ನಗಲು ಬಾಯಿ ತೆರೆದವರೆಲ್ಲ ಹಾಗೇ ನಿಂತುಬಿಟ್ಟರು.

"ಬ್ಯಾನಿ ಏನೂ ಇಲ್ಲ, ದಣದಾರ" ಎಂದರು ದವಾಖಾನೆಯ ಡಾಕ್ಟರು. "ಹಿಂಗ ಓಡಾಡಿಸಿದ್ರ ಮುಂದಿನ ಸಲ ಏಳೂದಿಲ್ಲ ನೋಡ್ರಿ."

ಮುಂದಿನ ಭಾನುವಾರ ಸಭೆಯವರೆಲ್ಲ ಸೇರಿ ತೀರ್ಮಾನ ಮಾಡಿದರು. ಅದನ್ನು ಹೇಳಲು ಎದ್ದವರು ಹಿರಿಯರಾದ ದರ್ಜಿ ಸಮುವೇಲಪ್ಪನವರು.

"ಅಯ್ಯಾರ, ಮಳಿಗಾಲ ಮುಗಿಯೂತನಕ ನಿಮಗ ರಜಾ. ಆನೆಗೊಂದ್ಯಾಗ ನಮ್ಮ ತಂಗಿ ಮನಿ ಐತಿ. ಅಕ್ಕಿ, ಜ್ವಾಳ ನಾವು ಮುಟ್ಟಸ್ತೀವಿ. ಉಣ್ಣೂದು, ಮಲಗೂದು, ಅಷ್ಟ ನಿಮ್ಮ ಕೆಲಸ."

ಮಾವನ ಮುಖ ಸಪ್ಪಗಾಯಿತು. "ನನ್ನ ತಗದು ಹಾಕಾಕತ್ತೀರೇನ್ರಿ?"

"ಇಲ್ರಿ. ಉಳಿಸಿಕೊಳ್ಳಾಕತ್ತೀವಿ."

ಹೀಗೆ ಮಾವ, ಅತ್ತೆ ಆನೆಗೊಂದಿಗೆ ಹೋದರು. ಸೈಕಲ್ಲನ್ನು ಸಭೆಯವರು ಚರ್ಚಿನೊಳಗಿಟ್ಟು ಬೀಗ ಹಾಕಿದರು.

ಇನ್ನು ಬೋಧನೆ ಮಾಡುವವರು ಯಾರು? ಸಮುವೇಲಪ್ಪನವರೇ! ಎರಡು ಮಾತಾಡಿ ಬೆವರು ಒರೆಸಿಕೊಂಡು, "ಒಂದು ಹಾಡು ಹಾಡ್ರಿ" ಎಂದರು. ಮತ್ತೆರಡು ಮಾತು, ಮತ್ತೊಂದು ಹಾಡು. ಆ ಭಾನುವಾರ ಹಾಡಿನ ಪುಸ್ತಕವೇ ಅರ್ಧ ಮುಗಿಯಿತು! ಹೆಂಗಸರು ಸರದಿ ಹಾಕಿಕೊಂಡು ರೋಗಿಗಳ ಮನೆಗೆ ಹೋದರು. ಹಾಸಿಗೆ ಹಿಡಿದಿದ್ದ ಮುದುಕಿಯೊಬ್ಬಳು ಅಯ್ಯಾರೇ ಬರಬೇಕೆಂದು ಹಟ ಮಾಡಿದಳು. ವಿಷಯ ತಿಳಿಸಿದಾಗ, "ಹಂಗಾರ ಅವರು ಬರೂತನಕ ನಾ ಸಾಯಂಗಿಲ್ಲ" ಎಂದಳು. ಸಾಯಲೂ ಇಲ್ಲ!

ಕೆಲವು ವಾರಗಳ ಮೇಲೆ ಸಮುವೇಲಪ್ಪನವರೂ ನಾನೂ ಮಾವನನ್ನು ನೋಡಲು ಹೋದೆವು. ಮನೆಯಲ್ಲಿಲ್ಲ. ಅತ್ತೆ ಹೊಳೆಯ ಕಡೆ ಕೈ ತೋರಿಸಿದರು. ನೋಡಿದರೆ ಮಾವ ನಡುನೀರಿನ ಹರಿಗೋಲಿನಲ್ಲಿದ್ದಾರೆ! ಹೊಳೆ ದಾಟುವವರ ಜೊತೆಗೆ ಹತ್ತಿ, ಅವರ ಸುಖದುಃಖ ಕೇಳುತ್ತ, ದಿನವಿಡೀ ಆಚೆ ದಡ ಈಚೆ ದಡ ಮಾಡುತ್ತಿದ್ದರಂತೆ.

"ಅಯ್ಯಾರ, ಸುಮ್ನ ಕುಂದರ್ರಿ ಅಂತ ಕಳಿಸಿದ್ವಲ್ರಿ!" ಎಂದು ಸಮುವೇಲಪ್ಪ ದಡದಿಂದ ಕೂಗಿದರು.

"ಕುಂತ ಅದೀನಲ್ಲಪ! ಇದರಾಗ ನಿಂತ್ರ ಮುಳುಗತೈತಿ!"

ಹೊಟ್ಟೆ ತುಂಬ ನಕ್ಕೆವು. ಬಸ್ಸಿನ ತನಕ ಕಳಿಸಲು ಬಂದ ಅತ್ತೆ ಮಾತ್ರ ನಗಲಿಲ್ಲ. "ಸುಮ್ನ ಕುಂತ್ರ ಅವರಿಗೆ ಮಗಳು ನೆನಪಾಗತಾಳ" ಎಂದರು.

ಅವರ ಒಬ್ಬಳೇ ಮಗಳು, ನಾನು ಆ ಊರಿಗೆ ಬರುವ ಮುಂಚೆಯೇ ಜ್ವರ ಬಂದು ತೀರಿಕೊಂಡಿದ್ದಳು. ಹತ್ತಿರದಲ್ಲಿ ಬೇರೆ ಪಾದ್ರಿ ಇರಲಿಲ್ಲ. ಮಗಳ ಮಣ್ಣಿನ ಪ್ರಾರ್ಥನೆಯನ್ನು ಮಾವನೇ ಮಾಡಿದ್ದರು. ಮರುದಿನ ಬೆಳಿಗ್ಗೆ ಇನ್ಯಾರದೋ ಮನೆಗೆ ಸಮಾಧಾನ ಹೇಳಲು ಹೊರಟಿದ್ದರು. ಗಂಗಾವತಿಯಲ್ಲಿ ಬಸ್ಸಿಳಿದವರೇ ಸಮುವೇಲಪ್ಪನವರು ಸಭೆಯವರ ಮನೆಮನೆಗೆ ಹೋದರು.

ಮುಂದಿನ ಭಾನುವಾರ ಇಡೀ ಸಭೆ ಬುತ್ತಿ ಕಟ್ಟಿಕೊಂಡು ಆನೆಗೊಂದಿಗೆ ಬಂತು. ಬಾಳೆತೋಟದ ಪಕ್ಕ ಚಾಪೆ ಹಾಸಿ ಕೂತೆವು. ಮಾವ ಸಂಭ್ರಮದಿಂದ ಪ್ರಾರ್ಥನೆಗೆ ಎದ್ದರು. ಸಮುವೇಲಪ್ಪ ಅವರ ತೋಳು ಹಿಡಿದರು.

"ಇವತ್ತು ನೀವು ಸಭಾದಾಗ ಕುಂದರ್ರಿ. ನಾವು ಮಾಡ್ತೀವಿ."

ಮಾವ ಗೊಂದಲದಿಂದ ಅತ್ತೆಯ ಪಕ್ಕ ಕೂತರು. ಸಮುವೇಲಪ್ಪ ಕಣ್ಣು ಮುಚ್ಚಿದರು. "ಸ್ವಾಮಿ, ಅಯ್ಯಾರ ಮಗಳು ಹೋದಾಗ ಅವರ ಪ್ರಾರ್ಥನಿ ಅವರ ಮಾಡಿಕೊಂಡ್ರು. ಆವತ್ತು ನಾವು ಮಾಡಬೇಕಿತ್ತು. ನಮಗ ತಿಳೀಲಿಲ್ಲ. ಇವತ್ತು ಮಾಡಾಕತ್ತೀವಿ. ಈ ತಂದಿ ತಾಯಿಗೆ ಸಮಾಧಾನ ಕೊಡು." ಅಷ್ಟೇ. ಹಾಡು ಹಾಡಿ ಎನ್ನಲಿಲ್ಲ.

ಮಾವ ಅತ್ತರು. ಎಲ್ಲರ ಮುಂದೆ, ಸಣ್ಣ ಮಗುವಿನ ಹಾಗೆ ದನಿ ತೆಗೆದು ಅತ್ತರು. ಅತ್ತೆ ಅವರ ಬೆನ್ನು ಸವರುತ್ತ ತಾವೂ ಅತ್ತರು.

ಮಳೆಗಾಲ ಕಳೆದ ಮೇಲೆ ಮಾವ ಗಂಗಾವತಿಗೆ ಮರಳಿ ಎಷ್ಟೋ ವರ್ಷ ಸೇವೆ ಮಾಡಿದರು. ನನ್ನ ಕಣ್ಣಲ್ಲಿ ಉಳಿದಿರುವುದು ಮಾತ್ರ ಆ ಭಾನುವಾರದ ಮಧ್ಯಾಹ್ನ. ಅತ್ತು ಅತ್ತು ಮಾವ ಚಾಪೆಯ ಮೇಲೇ ನಿದ್ದೆಹೋದರು. ನಾವು ಪಿಸುಮಾತಿನಲ್ಲಿ ಬುತ್ತಿ ಬಿಚ್ಚಿ ಉಂಡೆವು. ಹೊತ್ತು ಇಳಿಯಿತು. ರಸ್ತೆಯಲ್ಲಿ ಗಂಗಾವತಿಯ ಕಡೆಯ ಬಸ್ಸು ಹಾರ್ನ್ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು, ಹೊರಟುಹೋಯಿತು. ಯಾರೂ ಏಳಲಿಲ್ಲ.