ಗೌಡರ ಬಾತು ಬೇಟೆ

ನರಗುಂದದ ಗುಡ್ಡದ ಬುಡದಲ್ಲಿ, ಬಂದೂಕಿನ ಅಂಗಡಿಯೊಂದರಲ್ಲಿ ನಾನು ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದೇನೆ. ಬಂದೂಕಿನ ಅಂಗಡಿ ಎಂದರೆ ಜನ ಹೆದರುತ್ತಾರೆ. ಒಳಗೆ ಕೂತವನಿಗೆ ಗೊತ್ತು, ವಾರಕ್ಕೊಮ್ಮೆಯಾದರೂ ಗೋಡೆಯ ಕಡೆ ತಿರುಗಿ ನಗಬೇಕಾಗುತ್ತದೆ. ಹೋದ ಚಳಿಗಾಲದಲ್ಲಂತೂ ಯಾವಗಲ್ ಕಡೆಯ ಗೌಡರೊಬ್ಬರು ನನ್ನ ಮುಖವನ್ನು ತಿಂಗಳುಗಟ್ಟಲೆ ಗೋಡೆಗೇ ಹಚ್ಚಿಬಿಟ್ಟರು.

೧. ಐದು ಗುಂಡಿನ ಆಸೆ

ಗೌಡರು ಟ್ರ್ಯಾಕ್ಟರನ್ನು ಅಂಗಡಿಯ ಬಾಗಿಲಿಗೇ ನಿಲ್ಲಿಸಿ ಒಳಗೆ ಬಂದರು.

“ತಮ್ಮಾ, ಬಾತು ಹೊಡಿಯಾಕ ಒಂದು ಸೆಮಿ ಆಟೊಮ್ಯಾಟಿಕ್ ಬೇಕಾಗೇತಿ. ಐದು ಗುಂಡು ಒಂದರ ಹಿಂದ ಒಂದು ಹಾರಬೇಕು. ಭಾಳ ತುಟ್ಟಿ ಇರಬಾರದು.”

“ಗೌಡ್ರ, ಬಾತು ಹೊಡದ್ರ ಜೇಲು. ಆ ನಮೂನಿ ಬಂದೂಕಿಗೆ ನಿಮ್ಮ ಬೆಳಿ ಕಾಯೂ ಲೈಸನ್ಸ್ ಸಾಲೂದಿಲ್ಲ, ದಿಲ್ಲಿಯಿಂದ ಪರವಾನಿಗಿ ತರಬೇಕು.”

ಗೌಡರು ಸ್ಟೂಲಿನ ಮೇಲೆ ಕುಸಿದು ದನಿ ತಗ್ಗಿಸಿದರು. ಮಗಳಿಗೆ ಗಜೇಂದ್ರಗಡದ ಅಡತಿ ವ್ಯಾಪಾರಿಯ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಮಗಳೂ ಮನಸಾರೆ ಒಪ್ಪಿದ್ದಳು. ಮಾತುಕತೆಯ ದಿನ ಹುಡುಗನ ತಂದೆ, “ನಿಮ್ಮ ಕೆರಿಗೆ ಬಾತು ಬರತಾವಂತಲ್ರಿ” ಎಂದು ಕೇಳಿದ್ದಾರೆ. ಗೌಡರು ದೊಡ್ಡಸ್ತಿಕೆಗೆ, “ಬರತಾವ್ರಿ, ವರ್ಷಾ ಹೊಡಿತೇನಿ, ಆಟೊಮ್ಯಾಟಿಕ್ ಐತಿ” ಎಂದುಬಿಟ್ಟಿದ್ದಾರೆ. ಬೀಗರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟು, “ಒಮ್ಮಿ ಕೆರಿ ನೋಡಾಕ ಬರತೇನ್ರಿ, ಆಮ್ಯಾಲ ನಿಶ್ಚೆ ಮಾಡೂಣು” ಎಂದರಂತೆ. ಈಗ ಸುಳ್ಳು ಹೊರಬಿದ್ದರೆ ಸಂಬಂಧ ಮುರಿದಂತೆಯೇ ಎಂದು ಗೌಡರ ಭಯ. ಪಾಪ, ಅಷ್ಟು ದೊಡ್ಡ ಮೀಸೆಯ ಹಿಂದೆ ಮುಖ ಸಣ್ಣದಾಗಿತ್ತು.

“ಖರೇ ಹೇಳ್ರಿ ಗೌಡ್ರ, ಬಂದೂಕ ಹಾರಿಸೀರೇನು?”

“ಒಮ್ಮಿ ಹಾರಿಸೇನಿ. ತಂಗಿ ಮದಿವ್ಯಾಗ, ಆಕಾಶಕ್ಕ.”

“ಆಕಾಶಕ್ಕ ಹಾರಸೂದು ಸಸಾರ ಬಿಡ್ರಿ.”

“ಎಲ್ಲಿ ಸಸಾರ? ಅಡಗಿಮನಿ ತಗಡಿನ ಪತ್ರಾಕ್ಕ ತಾಗಿತು.”

೨. ಗೌಡತಿಯ ಆಯ್ಕೆ

ಎರಡು ದಿನ ಬಿಟ್ಟು ಗೌಡರು ಹೆಂಡತಿಯನ್ನು ಕರೆದುಕೊಂಡು ಬಂದರು. ಗಿರಾಕಿ ಕೈತಪ್ಪಬಾರದೆಂದು ನಮ್ಮ ಮಾಲಕರು ಲೈಸನ್ಸಿಗೆ ಒಗ್ಗುವ ಬಂದೂಕುಗಳನ್ನು ಸಾಲಾಗಿ ಇಟ್ಟರು. ಒಂದು ನಳಿಗೆಯದು, ಎರಡು ನಳಿಗೆಯದು, ಕೈಯಿಂದ ಎಳೆದೆಳೆದು ಐದು ಗುಂಡು ಹಾರಿಸುವ ಪಂಪಿನದು. ಗೌಡರು ಪಂಪಿನದನ್ನು ಎತ್ತಿಕೊಂಡವರು ಕೆಳಗೆ ಇಡಲೊಲ್ಲರು.

ಗೌಡತಿ ಕೇಳಿದರು, “ಅದರಾಗ ಐದು ಗುಂಡು ಯಾಕ?”

“ಒಂದು ತಪ್ಪಿದ್ರ ಇನ್ನೊಂದು ಇರತೈತಿ,” ಎಂದರು ಗೌಡರು.

ಗೌಡತಿ ನನ್ನ ಕಡೆ ತಿರುಗಿದರು. “ತಮ್ಮಾ, ಒಂದ ಗುಂಡಿಂದು ತೋರಸಪಾ. ಇವರು ಎರಡನೇದ್ದು ಹಾರಸೂದ್ರಾಗ ಬಾತು ರೋಣ ತಾಲೂಕ ದಾಟಿರತಾವ.”

೩. ಅಪ್ಪನ ಬಂದೂಕು

ಕೊನೆಗೆ ಮಾಲಕರೇ ಕರಗಿದರು. “ಹೊಸಾದು ಬ್ಯಾಡ್ರಿ. ನಿಮ್ಮ ಲೈಸನ್ಸಿನ್ಯಾಗ ಅಪ್ಪಾರದು ಜೋಡುನಳಿಗಿ ಐತಲ್ಲ, ಅದನ್ನ ತರ್ರಿ, ತಿಕ್ಕಿ ಹೊಳಪು ಕೊಡತೇವಿ. ಬೀಗರಿಗೆ ಗೋಡಿ ಮ್ಯಾಲ ತೋರಿಸಿದ್ರ ಆತು” ಎಂದರು.

ಗೌಡರು ಅದನ್ನು ಮಗುವಿನಂತೆ ಧೋತರದಲ್ಲಿ ಸುತ್ತಿ ತಂದರು. ನಳಿಗೆಗೆ ಕಡ್ಡಿ ತೂರಿಸಿದೆ, ಹೋಗಲಿಲ್ಲ. ಬಲವಾಗಿ ತಳ್ಳಿದಾಗ ಕುಂಕುಮ ಬಂತು, ಅರಿಷಿಣ ಬಂತು, ಒಣಗಿದ ಚೆಂಡುಹೂ ಬಂತು, ಕೊನೆಗೆ ಹಿಡಿಯಷ್ಟು ಅಕ್ಕಿಕಾಳು. ಪ್ರತಿ ಮಹಾನವಮಿಗೆ ಮನೆಮಂದಿಯೆಲ್ಲ ಆಯುಧಕ್ಕೆ ಪೂಜೆ ಮಾಡಿ, ತಪ್ಪದೆ ನಳಿಗೆಯೊಳಗೂ ಅಕ್ಷತೆ ಹಾಕಿದ್ದರು. ತಂಗಿಯ ಮದುವೆಯಾದ ಮೇಲೆ ಗುಂಡು ಹಾಕುವುದನ್ನು ಮಾತ್ರ ಯಾರೂ ನೆನೆಸಿಕೊಂಡಿರಲಿಲ್ಲ.

“ಹಿಂಗ ಹಾರಿಸಿದ್ರ ಏನಾಗತಿತ್ತು?” ಎಂದು ಗೌಡರು ಗಾಬರಿಯಿಂದ ಕೇಳಿದರು.

“ನಳಿಗಿ ಒಡಿತಿತ್ರಿ. ಒಡಿಲಿಲ್ಲಂದ್ರ, ಬಾತಿನ ಮದುವಿ ಆಗತಿತ್ತು,” ಎಂದರು ಮಾಲಕರು.

೪. ಯಾವ ಚುನಾವಣೆ?

ಬೀಗರು ಬರುವ ವಾರ, ಜೋಡುನಳಿಗೆ ಆಟೊಮ್ಯಾಟಿಕ್ ಅಲ್ಲವೆಂದು ಗೊತ್ತಾದೀತೆಂದು ಹೆದರಿದ ಗೌಡರಿಗೆ ಹೊಸ ಉಪಾಯ ಹೊಳೆಯಿತು. ನಮ್ಮಲ್ಲಿ ಚುನಾವಣೆ ಬಂದಾಗ ಲೈಸನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಪ್ರತಿ ಸಲವೂ ಬೈಯುತ್ತ ಹೋಗಿ ಇಟ್ಟು ಬರುತ್ತಿದ್ದ ಗೌಡರು ಈ ಸಲ ಯಾರೂ ಕರೆಯದೆ ತಾವಾಗಿಯೇ ಧೋತರದ ಗಂಟು ಹೊತ್ತು ಠಾಣೆಗೆ ಹೋದರು. ಬಂದೂಕೇ ಮನೆಯಲ್ಲಿಲ್ಲದಿದ್ದರೆ ಬೀಗರು ಏನನ್ನು ನೋಡುತ್ತಾರೆ?

“ಯಾವ ಇಲೆಕ್ಷನ್ನಿಗೆ ಇಡಾಕ ಬಂದೀರಿ?” ಎಂದು ಹವಾಲ್ದಾರರು ಕೇಳಿದರಂತೆ.

“ನಮ್ಮೂರ ಹಾಲಿನ ಡೇರೀದು ಐತ್ರಿ.”

“ಅದಕ್ಕ ಬಂದೂಕ ಯಾಕ್ರಿ? ಎಮ್ಮಿ ತಂದು ಕಟ್ಟಿ ಹೋಗ್ರಿ.”

೫. ಕಡಲೆ ಹೊಲದಲ್ಲಿ

ಬಂದೂಕಿನ ಮಾತು ಬಂದರೆ ಸಂಭಾಳಿಸಲಿ ಎಂದು ಬೀಗರು ಬರುವ ದಿನ ಗೌಡರು ನನ್ನನ್ನೂ ಕರೆಸಿಕೊಂಡರು. ಮುಂಜಾನೆ ಕೆರೆಯ ಪಕ್ಕದ ಅವರ ಕಡಲೆ ಹೊಲದ ಬದುವಿನ ಮೇಲೆ ನಿಂತಿದ್ದೆವು. ಬೀಗರು ನೀರಿನ ಮೇಲಿನ ಬಾತುಗಳನ್ನು ಬಹಳ ಹೊತ್ತು ನೋಡಿದರು.

“ಗೌಡ್ರ, ನಾ ಬಂದೂಕ ನೋಡಾಕ ಬಂದಿಲ್ಲ. ನಮ್ಮದು ಇರಿವಿ ಸೈತ ತುಳಿಯದ ಮನಿ. ಅಷ್ಟು ದೂರದಿಂದ ಬಂದ ಹಕ್ಕಿ ಕೊಲ್ಲವರ ಜೋಡಿ ನಮಗ ಸಂಬಂಧ ಆಗೂದಿಲ್ಲ. ಇದನ್ನ ಎದುರಿಗೆ ಹೇಳಿ ಹೋಗೂಣಂತ ಬಂದೇನಿ.”

ಗೌಡರು ಕೈಮುಗಿದರು. “ಸುಳ್ಳ ಹೇಳಿದ್ನಿರಿ. ಜನ್ಮದಾಗ ಒಂದೂ ಹೊಡದಿಲ್ಲ.”

“ಸಂಬಂಧ ತಪ್ಪತೈತಂತ ಈಗ ಹಿಂಗ ಅಂತೀರಿ.”

“ಅವರು ಹೇಳೂದು ಖರೇ ಐತ್ರಿ,” ಎಂದು ನಾನು ಬಾಯಿ ಹಾಕಿದೆ. “ನೀ ಬಂದೂಕ ಮಾರಾಂವಪಾ,” ಎಂದು ಬೀಗರು ನನ್ನನ್ನೂ ತಳ್ಳಿಹಾಕಿದರು. ಮಗಳ ಮದುವೆ ಕಣ್ಣೆದುರೇ ಕೈಜಾರುತ್ತಿತ್ತು.

ಅಷ್ಟರಲ್ಲಿ ನೂರಾರು ಬಾತುಗಳು ಕೆರೆಯಿಂದೆದ್ದು ಬಂದು ಕಡಲೆಯಲ್ಲಿ ಇಳಿದವು. ಗೌಡರಿಗೆ ಎಲ್ಲ ಮರೆತುಹೋಯಿತು. ಟವೆಲ್ ಬೀಸುತ್ತ, ಊರಿಗೆ ಕೇಳುವಂತೆ ಕೂಗುತ್ತ ಓಡಿದರು. ಒಂದು ಬಾತೂ ತಲೆ ಎತ್ತಲಿಲ್ಲ. ದಾರಿಯಲ್ಲಿದ್ದದ್ದೊಂದು ಪಕ್ಕಕ್ಕೆ ಸರಿದು ಗೌಡರಿಗೆ ದಾರಿ ಬಿಟ್ಟು ಮತ್ತೆ ಮೇಯತೊಡಗಿತು. ಗೌಡರು ಮಣ್ಣಿನ ಹೆಂಟೆ ಎಸೆದರು. ತಿನ್ನಲು ಏನೋ ಬಿತ್ತೆಂದು ಎರಡು ಬಾತು ಅದರ ಹತ್ತಿರ ಹೋಗಿ ನೋಡಿದವು.

ಬೀಗರು ಮೊದಲು ಕೆಮ್ಮಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆಯೇ ಕೂತುಬಿಟ್ಟರು. ಚಹಾ ತಂದಿದ್ದ ಗೌಡತಿಯನ್ನು, “ನಿಶ್ಚೆ ಯಾವಾಗ ಇಟ್ಟಕೊಳ್ಳೂಣ್ರಿ?” ಎಂದು ಕೇಳಿ ಕಣ್ಣೊರೆಸಿಕೊಂಡರು. “ಗುಂಡಿನ ಸಪ್ಪಳ ಕೇಳಿದ ಹಕ್ಕಿ ಹಿಂಗ ಕೂಡೂದಿಲ್ಲ. ಅಲ್ರಿ, ಇಷ್ಟು ಒದರಿದ್ರೂ ಒಂದೂ ಹೆದರವಲ್ವಲ್ಲ?”

ಗೌಡತಿ ಚಹಾ ಬಗ್ಗಿಸುತ್ತ ಹೇಳಿದರು, “ವರ್ಷಾ ಬರೂವರಿ, ಇವರ ದನಿ ರೂಢಿ ಆಗೇತಿ. ಮನ್ಯಾಗ ನಾವೂ ಹಿಂಗ, ತಲಿ ಎತ್ತದ ಉಣ್ಣತೇವಿ.”