ಇಲ್ಲದ ಸೊಂಟನೋವು

ಅರ್ವಿಡ್ ಕ್ವಾಮೆ ಅವತ್ತು ಬೆಳಿಗ್ಗೆ ಸೊಂಟದ ಮೇಲೆ ಕೈಯಿಟ್ಟದ್ದೇ ತಪ್ಪಾಯಿತು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಹುಲ್ಲಿನ ಮೇಲೆ ಬಿದ್ದ ಇಬ್ಬನಿ ಹೆಪ್ಪುಗಟ್ಟಿತ್ತು. ಅರ್ವಿಡ್ ತನ್ನ ಹಳೆಯ ಪಿಕಪ್ ಗಾಡಿಗೆ ಓಕ್ ಸೌದೆ ಜೋಡಿಸುತ್ತಿದ್ದ. ಸೌದೆಯೆಂದರೆ ಅಂತಿಂಥ ಸೌದೆಯಲ್ಲ. ಎರಡು ಬೇಸಿಗೆ ಒಣಗಿ, ಒಂದಕ್ಕೊಂದು ತಾಗಿಸಿದರೆ ಟಣ್ಣೆನ್ನುವಂಥದ್ದು. ಒಂದೊಂದು ಸೀಳನ್ನೂ ತಿರುಗಿಸಿ ನೋಡಿ, ಸಡಿಲ ತೊಗಟೆ ಕಿತ್ತೆಸೆದು, ಬೀಗರ ಮನೆಗೆ ಹೊರೆಕಾಣಿಕೆ ಕಟ್ಟುವವನಂತೆ ಜೋಡಿಸುತ್ತಿದ್ದ.

ಅದು ಹೋಗಬೇಕಾದದ್ದು ಹಳ್ಳದಾಚೆಯ ಮಾರಿಟ್ ಟ್ವೈಟ್ ಮನೆಗೆ. ಎಂಟು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡಾಗ ‘ಚಳಿಗಾಲಕ್ಕಿರಲಿ’ ಎಂದು ಅರ್ವಿಡ್ ಒಂದು ಗಾಡಿ ಸೌದೆ ಇಳಿಸಿ ಬಂದಿದ್ದ. ಅವಳು ಕಾಫಿ ಕೊಟ್ಟಳು. ಕಾಫಿ ಕುಡಿದವನಿಗೆ ಇನ್ನೊಂದು ಗಾಡಿ ಒಯ್ಯಬೇಕೆನ್ನಿಸಿತು. ಒಯ್ದ. ಮತ್ತೆ ಕಾಫಿ. ಹಾಗೇ ನಡೆದುಕೊಂಡು ಬಂದಿತ್ತು. ಅರ್ವಿಡ್ ಡೈರಿಯ ಹಾಲಿನ ಲಾರಿ ಓಡಿಸಿ ನಿವೃತ್ತನಾದವನು, ಮದುವೆಯಾಗದವನು. ಮನಸ್ಸಿನಲ್ಲಿದ್ದದ್ದನ್ನು ನಾಲಿಗೆಗೆ ತರುವ ವಿದ್ಯೆ ಅವನ ವಂಶದಲ್ಲೇ ಯಾರಿಗೂ ಒಲಿದಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಸೌದೆಯಲ್ಲೇ ಹೇಳುತ್ತಿದ್ದ. ಈ ಸಲ ಮಾರಿಟ್ ಮೊದಲ ಬಾರಿಗೆ ಹಬ್ಬದೂಟಕ್ಕೆ ಕರೆದಿದ್ದಳು. “ನನ್ನ ಪಕ್ಕದ ಕುರ್ಚಿ ನಿಮಗೆ” ಎಂದೂ ಅಂದಿದ್ದಳು. ಆ ಮಾತಿನ ಮೇಲೆ ಅರ್ವಿಡ್ ಒಂದು ವಾರ ನಿದ್ದೆ ಮಾಡಿರಲಿಲ್ಲ.

ಅಷ್ಟರಲ್ಲಿ ಡೊರೀನ್ ಸ್ಲೆಟನ್‌ಳ ಕಾರು ಬಂದು ನಿಂತಿತು. ಪಕ್ಕದ ಜಮೀನಿನವಳು. ಅವಳ ಕಿವಿಗೆ ಬಿದ್ದದ್ದು ಆ ರಸ್ತೆಯ ಕೊನೆಯ ಮನೆ ಮುಟ್ಟಲು ಅಂಚೆಯವನು ಬೇಕಿರಲಿಲ್ಲ.

“ಏನಪ್ಪಾ, ಹಬ್ಬದ ದಿನಾನೂ ಸೌದೆನಾ? ಅದೂ ಓಕು! ನಾನ್ ಕೇಳ್ದಾಗ ನೀನು ಸೀಳಕ್ಕೇ ಬಾರದ ಎಲ್ಮ್ ಮರ ಕೊಟ್ಟಿದ್ದೆ. ಕೊಡಲಿ ಹಾಕಿದ್ರೆ ಕೊಡಲೀನೇ ನುಂಗ್ಕೊಂಡ್ ಕೂತಿತ್ತು.”

“ಆಗ ಓಕು ಮುಗಿದಿತ್ತು.”

“ಮಾರಿಟ್‌ಗೆ ಮಾತ್ರ ಮುಗಿಯೋದೇ ಇಲ್ಲ, ಅಲ್ವಾ?” ಡೊರೀನ್ ಕಣ್ಣು ಮಿಟುಕಿಸಿದಳು.

ಅರ್ವಿಡ್‌ನ ಕಿವಿ ಹಬ್ಬದ ಕ್ರ್ಯಾನ್‌ಬೆರಿ ಗೊಜ್ಜಿನ ಬಣ್ಣಕ್ಕೆ ತಿರುಗಿತು. ಕೈಗಳಿಗೆ ಏನು ಮಾಡಬೇಕೆಂದು ತೋಚದೆ ಸೊಂಟ ಹಿಡಿದುಕೊಂಡ. ಕೈ ಅಲ್ಲಿಗೆ ಹೋದ ಮೇಲೆ ಬಾಯಿಯೂ ಹಿಂದೆಯೇ ಹೋಯಿತು.

“ಅಯ್ಯೋ, ಏನ್ ಸುಖ ಅಂತ ಮಾಡ್ತೀನಿ ಡೊರೀನ್? ಅವ್ರಿಗೆ ಸೀಳಿ ಸೀಳಿ ನನ್ ಸೊಂಟ ಬಿದ್ದೋಯ್ತು. ಆಗಲ್ಲ ಅನ್ನಕ್ಕೆ ಬಾಯಿ ಬರಲ್ಲ, ಅಷ್ಟೇ.”

ಡೊರೀನಳ ಮುಖದ ತುಂಟತನ ಇಳಿದು ಅಲ್ಲಿ ಕರುಣೆ ಉಕ್ಕಿತು. “ಪಾಪ!” ಎಂದವಳೇ ಕಾರು ತಿರುಗಿಸಿಕೊಂಡು ಹೋದಳು. ಗುಟ್ಟು ಉಳಿಯಿತೆಂದು ಅರ್ವಿಡ್ ನಿಟ್ಟುಸಿರು ಬಿಟ್ಟ.

ಅಂಗಿ ಬದಲಿಸಿ, ಟೈ ಕಟ್ಟಿಕೊಂಡು ಹೊರಗೆ ಬರುವಷ್ಟರಲ್ಲಿ ಡೊರೀನ್ ಮತ್ತೆ ಹಾಜರು. ಜೊತೆಯಲ್ಲಿ ರೋಜರ್ ಬಕ್ಕೆ. ಹೆಂಡತಿ ಸತ್ತ ಮೇಲೆ ಬೇಸರ ಕಳೆಯಲು ಸೌದೆ ಸೀಳುವ ಯಂತ್ರ ಕೊಂಡು, ಊರಿನಲ್ಲಿ ಸೀಳದ ಕೊರಡು ಎಲ್ಲಿದೆಯೆಂದು ಹುಡುಕುತ್ತ ಓಡಾಡುವ ಒಳ್ಳೆಯ ಮನುಷ್ಯ. ಡೊರೀನಳ ಕೈಯಲ್ಲಿ ಒಂದು ಕಂದುಬಣ್ಣದ ಶೀಶೆ.

“ಅಂಗಿ ಎತ್ತು,” ಎಂದಳು. “ನಮ್ ಕುದುರೆ ಕಾಲಿಗೆ ಹಚ್ಚೋದು. ಮಾರನೇ ದಿನ ಬೇಲಿ ಹಾರಿತ್ತು.”

“ನಂಗೀಗ ಪರವಾಗಿಲ್ಲ…”

“ನೋವಿರೋರೆಲ್ಲ ಹೀಗೇ ಹೇಳೋದು,” ಎಂದ ರೋಜರ್. “ನಮ್ಮಪ್ಪಾನೂ ಪರವಾಗಿಲ್ಲ ಅಂತಾನೇ ಸತ್ತಿದ್ದು.”

ನೋವಿಲ್ಲವೆಂದರೆ ಬೆಳಿಗ್ಗೆ ಹೇಳಿದ್ದು ಸುಳ್ಳಾಗುತ್ತದೆ. ಸುಳ್ಳೇಕೆ ಹೇಳಿದೆ ಎಂದು ಡೊರೀನ್ ಕೇಳುತ್ತಾಳೆ. ಆಮೇಲೆ ರಸ್ತೆಗೆಲ್ಲ ತಿಳಿಯುತ್ತದೆ. ಅರ್ವಿಡ್ ಅಂಗಿ ಎತ್ತಿದ. ಎಣ್ಣೆ ತಾಗಿದ್ದೇ ತಡ, ಕೆಂಡದ ಮೇಲೆ ಕೂತಂತಾಗಿ ಕಿರುಚಿದ.

“ನೋಡಿದ್ಯಾ? ಎಷ್ಟ್ ನೋವು ನುಂಗ್ಕೊಂಡಿದ್ದಾನೆ!” ಡೊರೀನಳ ಕಣ್ಣಲ್ಲಿ ನೀರು.

ಗಾಡಿ ಓಡಿಸಲು ಬಿಡಲಿಲ್ಲ. ಮುಂದಿನ ಸೀಟಿನಲ್ಲಿ ಕೂರಲೂ ಬಿಡಲಿಲ್ಲ. ಜೋಡಿಸಿದ್ದ ಓಕ್ ಸೌದೆಯನ್ನೆಲ್ಲ ರೋಜರ್ ಕೆಳಗಿಳಿಸಿ, ಅಲ್ಲಿ ಹಾಸಿಗೆ ಹಾಸಿ, ಅರ್ವಿಡ್‌ನನ್ನು ಅಂಗಾತ ಮಲಗಿಸಿ ರಜಾಯಿ ಹೊದಿಸಿದ. ಎಂಟು ವರ್ಷ ಸೌದೆ ಹೋದ ಹಾದಿಯಲ್ಲಿ ಅರ್ವಿಡ್ ತಾನೇ ಒಂದು ಕೊರಡಾಗಿ ಹೋದ.

ಮಾರಿಟ್ ನೀಲಿ ಉಡುಪು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದಿನಿಂದ ಟರ್ಕಿ ಕೋಳಿ ಬೇಯುವ ಘಮ ಬರುತ್ತಿತ್ತು. ಅರ್ವಿಡ್ ಏಳಲು ಹೋದ.

“ಏಳ್ಬೇಡ!” ಎಂದು ಡೊರೀನ್ ಗದರಿದಳು. “ಮಾರಿಟ್, ಇವನು ಕುರ್ಚಿ ಮೇಲೆ ಕೂರೋ ಹಾಗಿಲ್ಲ. ಗಟ್ಟಿ ಹಲಗೆ ಬೇಕು.”

ಊಟದ ಮೇಜಿನ ಒಂದು ಹಲಗೆಯನ್ನೇ ಕಳಚಿ ಹಜಾರದ ಸೋಫಾದ ಮೇಲಿಟ್ಟರು. ಅರ್ವಿಡ್ ಅದರ ಮೇಲೆ ಟೈ ಕಟ್ಟಿಕೊಂಡು ಮಲಗಿದ. ಖಾಲಿ ಬಿದ್ದ ಕುರ್ಚಿಯಲ್ಲಿ, ಮಾರಿಟ್‌ಳ ಪಕ್ಕದಲ್ಲಿ, ರೋಜರ್ ಕೂತ. ಡೊರೀನಳ ಗಂಡುಮಕ್ಕಳಿಬ್ಬರೂ ಬಂದು ಸೇರಿದರು. ಗೋಡೆಯಾಚೆ ಚಮಚೆಗಳ ಸದ್ದು, ಮಾತು.

“ಬಾಕ್ಸ್‌ಎಲ್ಡರ್ ಸೌದೆನಾ? ಕಾಗದ ಉರಿದಂಗೆ ಉರಿಯತ್ತೆ. ಕಾಲು ಬೆಚ್ಚಗಾಗೋದ್ರಲ್ಲಿ ಬೂದಿ,” ಎಂದು ರೋಜರ್ ಹೇಳುವುದು ಕೇಳಿಸಿತು.

ಮಾರಿಟ್ ನಕ್ಕಳು. ಅದೇನು ನಗುವ ಮಾತೇ? ತನಗಾದರೆ ಬಾಕ್ಸ್‌ಎಲ್ಡರ್ ಮೇಲೆ ಇದಕ್ಕಿಂತ ಒಳ್ಳೆಯ ಮಾತು ಗೊತ್ತಿತ್ತು. ಅರ್ವಿಡ್ ಸೂರು ನೋಡುತ್ತ ಮಲಗಿದ. ಡೊರೀನ್ ಒಂದು ಬಟ್ಟಲು ತಿಳಿಸಾರು ತಂದಳು. “ಸೊಂಟನೋವಿಗೆ ಭಾರಿ ಊಟ ಆಗಲ್ಲ.”

ಊಟ ಮುಗಿಯುವ ಹೊತ್ತಿಗೆ ಮಾರಿಟ್ ಒಂದು ತಟ್ಟೆಯಲ್ಲಿ ಕುಂಬಳಕಾಯಿ ಪೈ ಹಿಡಿದು ಬಂದಳು. ಮಣೆ ಎಳೆದುಕೊಂಡು ಅವನ ತಲೆಯ ಹತ್ತಿರ ಕೂತಳು.

“ನಿಮಗೊಂದು ವಿಷಯ ಹೇಳ್ಬೇಕು. ಬೈಕೋಬೇಡಿ.”

“ಹೇಳಿ.”

“ನಮ್ಮನೇಲಿ ನಾಲ್ಕು ವರ್ಷದಿಂದ ಗ್ಯಾಸ್ ಹೀಟರು. ನೆಲಮಾಳಿಗೇಲಿದೆ. ಸೌದೆ ಒಂದು ಚೂರೂ ಉರಿಸಿಲ್ಲ.”

ಅರ್ವಿಡ್ ಕಣ್ಣು ಬಿಟ್ಟ. “ಮತ್ತೆ… ನಾನ್ ಬಂದಾಗೆಲ್ಲ ಶೆಡ್ಡು ಖಾಲಿ ಇರ್ತಿತ್ತು?”

“ನೀವು ಹೋದ್ಮೇಲೆ ಕೈಗಾಡೀಲಿ ತಳ್ಕೊಂಡೋಗಿ ಕೊಟ್ಟಿಗೆ ಹಿಂದೆ ಜೋಡಿಸ್ತಿದ್ದೆ.” ಮಾರಿಟ್ ಸೆರಗಿನಂತೆ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಶೆಡ್ಡು ತುಂಬಿದ್ರೆ ನೀವು ಯಾಕ್ ಬರ್ತಿದ್ರಿ?”

ಅರ್ವಿಡ್ ಹಲಗೆಯ ಮೇಲೆ ಮೊಣಕೈ ಊರಿ ಅರ್ಧ ಎದ್ದ.

“ನನ್ ಸ್ವಾರ್ಥ ಅದು,” ಎಂದಳು ಮಾರಿಟ್. “ನಿಮಗೂ ತರೋದು ಇಷ್ಟ ಅಂತ ಅಂದ್ಕೊಂಡಿದ್ದೆ. ಸೊಂಟ ಬಿದ್ದೋದ್ರೂ, ಆಗಲ್ಲ ಅನ್ನಕ್ಕೆ ಬಾಯಿ ಬರದೆ ತರ್ತಿದ್ರಂತೆ. ಡೊರೀನ್ ಹೇಳಿದಾಗ ನೆಲ ಬಾಯ್ಬಿಡಬಾರದೇ ಅನ್ನಿಸ್ತು.”

“ಸುಳ್ಳು!” ಅರ್ವಿಡ್ ಹಲಗೆಯಿಂದ ಜಿಗಿದು ನಿಂತ. “ನನ್ ಸೊಂಟಕ್ಕೆ ಏನೂ ಆಗಿಲ್ಲ! ನೋಡಿ, ನೋಡಿ!” ಎಂದು ಆ ಹಲಗೆಯನ್ನೇ ಎತ್ತಿ ತಲೆಯ ಮೇಲೆ ಹಿಡಿದ.

ಸದ್ದಿಗೆ ಎಲ್ಲರೂ ಓಡಿಬಂದರು. ರೋಜರ್ ಹಲಗೆ ಕಿತ್ತುಕೊಂಡ.

“ಏನ್ ಮನುಷ್ಯನಪ್ಪಾ ಇವನು!” ಡೊರೀನ್ ಮೂಗು ಒರೆಸಿಕೊಂಡಳು. “ಮಾರಿಟ್‌ಗೆ ಬೇಜಾರಾಗ್ಬಾರ್ದು ಅಂತ ಪ್ರಾಣ ಹೋದ್ರೂ ಭಾರ ಎತ್ತೋನು!”

ಮಾರಿಟ್ ಒದ್ದೆ ಕಣ್ಣಿನಲ್ಲೇ ನಕ್ಕಳು. “ನೀವು ಯಾವಾಗ್ಲೂ ಹೀಗೇ. ಆದ್ರೆ ಇನ್ಮೇಲೆ ನನಗೋಸ್ಕರ ಒಂದು ಕಡ್ಡೀನೂ ಎತ್ತಕೂಡ್ದು. ಅದಕ್ಕೇ ಎಲ್ಲಾರೂ ಸೇರಿ ಒಂದು ಏರ್ಪಾಟು ಮಾಡಿದ್ದೀವಿ.”

ಏರ್ಪಾಟು ಏನೆಂದು ಮಧ್ಯಾಹ್ನವೇ ಗೊತ್ತಾಯಿತು. ರೋಜರ್ ಟ್ರ್ಯಾಕ್ಟರಿಗೆ ಹುಲ್ಲಿನ ಟ್ರೇಲರ್ ಕಟ್ಟಿದ. ಡೊರೀನಳ ಗಂಡುಮಕ್ಕಳು ಹಬ್ಬದ ಅಂಗಿಯ ತೋಳು ಮಡಿಸಿದರು. ಕೊಟ್ಟಿಗೆಯ ಹಿಂದೆ ಒಟ್ಟಿದ್ದ ನಾಲ್ಕು ವರ್ಷದ ಸೌದೆ ಟ್ರಿಪ್ಪಿನ ಮೇಲೆ ಟ್ರಿಪ್ಪು ಹಳ್ಳ ದಾಟಿ ಅರ್ವಿಡ್‌ನ ಅಂಗಳಕ್ಕೆ ಬಂದು ಬಿತ್ತು. ಗುಡ್ಡೆ ಕಿಟಕಿ ಮುಚ್ಚಿ, ಸೂರು ಮುಟ್ಟಿ, ಪಿಕಪ್ ನಿಲ್ಲಿಸುವ ಶೆಡ್ಡಿನ ಬಾಗಿಲಿಗೂ ಅಡ್ಡ ಬಂದು ನಿಂತಿತು.

“ಸಾಯೋತನಕ ನೀನೊಂದ್ ಮರಾನೂ ಕಡೀಬೇಕಿಲ್ಲ!” ರೋಜರ್ ಬೆವರು ಒರೆಸಿಕೊಂಡ. “ಥ್ಯಾಂಕ್ಸ್ ಏನೂ ಬೇಡಯ್ಯ. ಬರ್ತೀನಿ. ಕೆಲಸ ಮುಗಿದ್ಮೇಲೆ ಕಾಫಿಗೆ ಬನ್ನಿ ಅಂದಿದ್ದಾರೆ ಮಾರಿಟ್.”

“ವಸಂತ ಬರೋವರ್ಗೂ ಅದನ್ನ ಮುಟ್ಬೇಡ!” ಎಂದು ಡೊರೀನ್ ಕಾರಿನಿಂದ ಕೂಗಿ ಹೊರಟುಹೋದಳು.

ಅರ್ವಿಡ್ ಗುಡ್ಡೆಯ ಮೇಲೆ ಹತ್ತಿ ಕೂತ. ಬಿಸಿಲು ಇಳಿಯುತ್ತಿತ್ತು. ಮೊದಲೆಲ್ಲ ಅಂಗಳದಿಂದ ನೋಡಿದರೆ ಇಳಿಜಾರಿನ ಓಕ್ ಮರಗಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಂದೊಂದಾಗಿ ಅವನೇ ಕಡಿದು ಆಚೆ ಸಾಗಿಸಿದ್ದ. ಈಗ ಹಳ್ಳದಾಚೆ ಮಾರಿಟ್‌ಳ ಅಡಿಗೆಮನೆಯ ಕಿಟಕಿ ಅಂಗೈಯಲ್ಲಿಟ್ಟಷ್ಟು ನಿಚ್ಚಳವಾಗಿ ಕಾಣುತ್ತಿತ್ತು. ಒಳಗೆ ದೀಪ ಹತ್ತಿತು. ನೀಲಿ ಉಡುಪಿನ ಹೆಂಗಸೊಬ್ಬಳು ಎರಡು ಬಟ್ಟಲು ಮೇಜಿನ ಮೇಲಿಟ್ಟು, ಕಾಫಿ ಬಗ್ಗಿಸಿದಳು.